ದಿಮ್ಮಿ ಸಾಗಿಸಿದ ರೈಲುಗಳು

ಕಾಡಿನಲ್ಲಿ ಕಡಿದ ಮರವನ್ನು ಗರಗಸದ ಮಿಲ್ಲಿಗೆ ಮುಟ್ಟಿಸಲೆಂದೇ ಹಾಸಿದ ರೈಲು ಹಳಿಗಳು 19ನೇ ಶತಮಾನದ ಕೊನೆಯ ದಶಕಗಳಿಂದ 20ನೇ ಶತಮಾನದ ನಡುವಿನವರೆಗೆ ಉತ್ತರ ಅಮೆರಿಕದ ಅರಣ್ಯಗಳಲ್ಲಿ ಹರಡಿಕೊಂಡಿದ್ದವು. ಊರಿಂದೂರಿಗೆ ಹೋಗುವ ರೈಲುದಾರಿಯನ್ನು ತಲೆಮಾರುಗಟ್ಟಲೆ ಬಾಳುವಂತೆ ಕಟ್ಟುತ್ತಾರೆ. ದಿಮ್ಮಿಯ ದಾರಿಗೆ ಅಷ್ಟು ಆಯುಸ್ಸು ಬೇಕಿರಲಿಲ್ಲ. ಸುತ್ತಲಿನ ಮರ ಮುಗಿದರೆ ಹಳಿ ಕಿತ್ತು ಮುಂದಿನ ಕಣಿವೆಯಲ್ಲಿ ಹಾಸುತ್ತಿದ್ದರು. ಹೀಗಾಗಿ ನೆಲ ಸಮತಟ್ಟು ಮಾಡಲು, ಜಲ್ಲಿ ತುಂಬಲು ಯಾರೂ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. ಹಳಿ ಡೊಂಕು, ಏರು ಕಡಿದು, ತಿರುವು ಇಕ್ಕಟ್ಟು. ಇಂಥ ದಾರಿಗೆ ಹೊಂದುವ ಇಂಜಿನ್ನನ್ನೂ ಗಾಡಿಯನ್ನೂ ಬೇರೆಯಾಗಿಯೇ ರೂಪಿಸಬೇಕಾಯಿತು.

ರೈಲಿಗೆ ಮೊದಲು ಈ ಕೆಲಸ ಹಿಮ ಮತ್ತು ಹೊಳೆಯನ್ನು ನಂಬಿತ್ತು. ಚಳಿಗಾಲದಲ್ಲಿ ಕುದುರೆ, ಎತ್ತುಗಳು ಎಳೆಯುವ ಜಾರುಬಂಡಿಗಳಲ್ಲಿ ದಿಮ್ಮಿಗಳನ್ನು ಹಿಮದ ಮೇಲೆ ಹೊಳೆದಂಡೆಗೆ ತಂದು ರಾಶಿ ಹಾಕುವುದು, ವಸಂತದಲ್ಲಿ ಹಿಮ ಕರಗಿ ನೀರೇರಿದಾಗ ತೇಲಿಬಿಡುವುದು ವಾಡಿಕೆ. ಹಿಮ ಬೀಳದಿದ್ದರೆ ವರ್ಷದ ವ್ಯಾಪಾರವೇ ನಿಂತುಹೋಗುತ್ತಿತ್ತು. ಮಿಚಿಗನ್ನಿನ ಮರದ ವ್ಯಾಪಾರಿ ವಿನ್‌ಫೀಲ್ಡ್ ಸ್ಕಾಟ್ ಗೆರಿಶ್ ಲೇಕ್ ಜಾರ್ಜ್‌ನಿಂದ ಮಸ್ಕೀಗನ್ ನದಿಗೆ ಕೆಲವೇ ಮೈಲಿಯ ಹಳಿ ಹಾಸಿ 1877ರ ಆರಂಭದಲ್ಲಿ ರೈಲು ಓಡಿಸಿದ. ಆ ಚಳಿಗಾಲ ಹಿಮ ಕಡಿಮೆ. ಉಳಿದವರ ದಿಮ್ಮಿಗಳು ಕಾಡಿನಲ್ಲೇ ಬಿದ್ದಿದ್ದಾಗ ಅವನ ದಿಮ್ಮಿಗಳು ನದಿ ಸೇರಿದವು. ಇದನ್ನು ಕಂಡ ಮಿಕ್ಕ ವ್ಯಾಪಾರಿಗಳೂ ರೈಲಿನತ್ತ ತಿರುಗಿದರು.

ಆದರೆ ಸಾಮಾನ್ಯ ಉಗಿ ಇಂಜಿನ್ ಕಾಡಿಗೆ ಒಗ್ಗಲಿಲ್ಲ. ಅದರ ಪಿಸ್ಟನ್ನು ಉದ್ದನೆಯ ಸರಳುಗಳ ಮೂಲಕ ದೊಡ್ಡ ಗಾಲಿಗಳನ್ನು ನೇರವಾಗಿ ತಿರುಗಿಸುತ್ತದೆ. ಆ ಗಾಲಿಗಳು ಒಂದೇ ಗಡುಸಾದ ಚೌಕಟ್ಟಿನಲ್ಲಿ ಕೂತಿರುವುದರಿಂದ ಇಕ್ಕಟ್ಟಿನ ತಿರುವಿನಲ್ಲಿ ಹಳಿ ತಪ್ಪುತ್ತಿದ್ದವು. ಸರಳುಗಳ ತೂಕದ ಏಟಿಗೆ ದುರ್ಬಲ ಹಳಿ ಜರುಗುತ್ತಿತ್ತು. ಮಿಚಿಗನ್ನಿನ ಹೇರಿಂಗ್‌ನಲ್ಲಿ ಮರದ ಮಿಲ್ಲು ಇಟ್ಟುಕೊಂಡಿದ್ದ ಎಫ್ರೇಮ್ ಶೇ ಎಂಬಾತ ಮರದ ಪಟ್ಟಿಗಳನ್ನೇ ಹಳಿಯಾಗಿ ಬಳಸುತ್ತಿದ್ದ. ಅವನ್ನು ಹಾಳುಮಾಡದ ಇಂಜಿನ್ನೊಂದನ್ನು ತಾನೇ ಕಟ್ಟಿ, 1881ರಲ್ಲಿ ಪೇಟೆಂಟ್ ಪಡೆದ. ಓಹಾಯೋದ ಲೈಮಾ ಊರಿನ ಕಾರ್ಖಾನೆ 1945ರವರೆಗೆ ಇಂಥ ಸುಮಾರು 2,770 ಇಂಜಿನ್‌ಗಳನ್ನು ತಯಾರಿಸಿತು.

ಶೇ ಇಂಜಿನ್ನಿನಲ್ಲಿ ಸಿಲಿಂಡರ್‌ಗಳು ಬಾಯ್ಲರಿನ ಬಲಮಗ್ಗುಲಲ್ಲಿ ನೆಟ್ಟಗೆ ನಿಂತಿರುತ್ತವೆ. ಅವುಗಳ ತೂಕ ಸರಿದೂಗಲೆಂದು ಬಾಯ್ಲರನ್ನೇ ತುಸು ಎಡಕ್ಕೆ ಸರಿಸಿರುತ್ತಾರೆ. ಪಿಸ್ಟನ್‌ಗಳು ಇಂಜಿನ್ನಿನ ಉದ್ದಕ್ಕೂ ಹಾದ ಶಾಫ್ಟೊಂದನ್ನು ತಿರುಗಿಸುತ್ತವೆ. ಲಾರಿಯ ಅಡಿಯಲ್ಲಿ ತಿರುಗುವ ಶಾಫ್ಟಿಗೆ ಇರುವಂತೆ ಇದಕ್ಕೂ ಯೂನಿವರ್ಸಲ್ ಜಾಯಿಂಟ್‌ಗಳಿವೆ. ಬಾಗಲೂ ಬಲ್ಲದು, ಹಿಗ್ಗಿ ಕುಗ್ಗಲೂ ಬಲ್ಲದು. ಶಾಫ್ಟಿನ ಹಲ್ಲುಚಕ್ರಗಳು ಗಾಲಿಗಳ ಮೈಮೇಲಿನ ಹಲ್ಲುಗಳಿಗೆ ಕಚ್ಚಿಕೊಂಡು ಪ್ರತಿಯೊಂದು ಗಾಲಿಯನ್ನೂ ತಿರುಗಿಸುತ್ತವೆ. ಗಾಲಿಗಳನ್ನು ಹೊತ್ತ ಗಿಡ್ಡ ಚೌಕಟ್ಟುಗಳು, ಅಂದರೆ ಬೋಗಿಗಳು, ತಿರುವಿಗೆ ತಕ್ಕಂತೆ ಹೊರಳುತ್ತವೆ. ಇಂಜಿನ್ನಿನ ಇಡೀ ಭಾರ ಎಳೆಯುವ ಗಾಲಿಗಳ ಮೇಲೆಯೇ ಬೀಳುವುದರಿಂದ ಏರಿನಲ್ಲಿ ಹಿಡಿತ ತಪ್ಪುವುದಿಲ್ಲ. ಇದಕ್ಕೆ ತೆತ್ತ ಬೆಲೆ ವೇಗ: ಗಂಟೆಗೆ ಹತ್ತು ಹದಿನೈದು ಮೈಲಿಗಿಂತ ಹೆಚ್ಚು ಓಡುವುದು ಇದಕ್ಕೆ ಕಷ್ಟ.

ಇದೇ ತತ್ವದ ಇನ್ನೆರಡು ಇಂಜಿನ್‌ಗಳೂ ಹುಟ್ಟಿದವು. ಪೆನ್ಸಿಲ್ವೇನಿಯಾದ ಕೋರಿ ಊರಿನ ಕ್ಲೈಮ್ಯಾಕ್ಸ್ ಇಂಜಿನ್ನಿಗೆ ಎರಡೂ ಮಗ್ಗುಲಲ್ಲಿ ಸಿಲಿಂಡರ್‌ಗಳಿದ್ದು, ಶಾಫ್ಟ್ ನಡುವೆ ಹಾದುಹೋಗುತ್ತಿತ್ತು. ಚಾರ್ಲ್ಸ್ ಹೈಸ್ಲರ್ 1892ರಲ್ಲಿ ಪೇಟೆಂಟ್ ಪಡೆದ ಇಂಜಿನ್ನಿನಲ್ಲಿ ಎರಡು ಸಿಲಿಂಡರ್‌ಗಳು ಬಾಯ್ಲರಿನ ಕೆಳಗೆ ಕವೆಯಂತೆ ಸೇರುತ್ತಿದ್ದವು. ಮೂರರಲ್ಲಿ ವೇಗದ್ದೆಂದು ಹೆಸರು ಪಡೆದದ್ದು ಇದು.

ಗಾಡಿಗಳೂ ಅಷ್ಟೇ ವಿಶಿಷ್ಟ. ಕೆಲವೆಡೆ ಗಾಡಿಗೆ ಮೈಯೇ ಇರಲಿಲ್ಲ. ಎರಡು ಬಿಡಿ ಬೋಗಿಗಳ ಮೇಲೆ ದಿಮ್ಮಿಯ ಎರಡು ತುದಿಗಳನ್ನಿಟ್ಟು ಕಟ್ಟಿದರೆ ದಿಮ್ಮಿಯೇ ಗಾಡಿಯ ಬೆನ್ನೆಲುಬಾಗುತ್ತಿತ್ತು. ಬೋಗಿಗಳ ನಡುವೆ ಒಂದೇ ತೊಲೆಯಿದ್ದ ಅಸ್ಥಿಪಂಜರದಂಥ ಗಾಡಿಗಳು ಇದಕ್ಕಿಂತ ಭದ್ರ. ಕಡಿದ ಮರವನ್ನು ಹಳಿಯ ಬಳಿಗೆ ಎಳೆಯಲು ಕ್ಯಾಲಿಫೋರ್ನಿಯಾದ ಜಾನ್ ಡಾಲ್ಬೀರ್ 1880ರ ದಶಕದ ಆರಂಭದಲ್ಲಿ ಹಗ್ಗ ಸುತ್ತುವ ಉಗಿಯಂತ್ರವೊಂದನ್ನು ತಂದ. ಕೆಲಸಗಾರರು ಅದನ್ನು ‘ಡಾಂಕಿ’, ಅಂದರೆ ಕತ್ತೆ, ಎಂದು ಕರೆದರು. ದಿಮ್ಮಿ ಏರಿಸುವ ಕ್ರೇನುಗಳಲ್ಲಿ ಮೆಕ್‌ಗಿಫರ್ಟ್ ಎಂಬುದರ ಉಪಾಯ ಸ್ವಾರಸ್ಯದ್ದು. ಅದು ಹಳಿಯ ಇಬ್ಬದಿಗೆ ಕಾಲೂರಿ ನಿಂತು ತನ್ನ ಗಾಲಿಗಳನ್ನು ಮೇಲಕ್ಕೆತ್ತಿಕೊಂಡರೆ ಖಾಲಿ ಗಾಡಿಗಳು ಅದರ ಹೊಟ್ಟೆಯಡಿಯಿಂದಲೇ ದಾಟುತ್ತಿದ್ದವು.

ದಕ್ಷಿಣ ಭಾರತದಲ್ಲೂ ಇಂಥದೊಂದು ದಾರಿಯಿತ್ತು. ಪರಂಬಿಕುಳಂ ಕಾಡಿನ ತೇಗವನ್ನು ಚಾಲಕ್ಕುಡಿ ರೈಲು ನಿಲ್ದಾಣಕ್ಕೆ ತರಲು ಕೊಚ್ಚಿ ಸಂಸ್ಥಾನ ಸುಮಾರು 80 ಕಿಲೋಮೀಟರ್ ಉದ್ದದ ಟ್ರಾಮ್ ದಾರಿ ಹಾಕಿಸಿತು. 1907ರಿಂದ 1963ರವರೆಗೆ ಅದು ನಡೆಯಿತು. ಘಟ್ಟ ತೀರಾ ಕಡಿದಾಗಿದ್ದ ಕಡೆ ಅಲ್ಲಿ ಇಂಜಿನ್ ಏರುತ್ತಿರಲಿಲ್ಲ. ಉಕ್ಕಿನ ಹಗ್ಗಕ್ಕೆ ಕಟ್ಟಿದ ತುಂಬಿದ ಗಾಡಿಗಳು ತಮ್ಮ ಭಾರದಿಂದಲೇ ಇಳಿಯುತ್ತ, ಹಗ್ಗದ ಇನ್ನೊಂದು ತುದಿಯ ಖಾಲಿ ಗಾಡಿಗಳನ್ನು ಮೇಲಕ್ಕೆಳೆಯುತ್ತಿದ್ದವು.

ಲಾರಿ ಮತ್ತು ಚೈನ್ ಟ್ರಾಕ್ಟರ್‌ಗಳು ಬಲವಾದಂತೆ ಹಳಿಯ ಅಗತ್ಯ ಕಡಿಮೆಯಾಯಿತು. ಮಣ್ಣಿನ ರಸ್ತೆ ಹಳಿಗಿಂತ ಅಗ್ಗ. ಹಳಿ ಏರಲಾಗದ ಕಡೆಗೂ ಲಾರಿ ಹೋಗಬಲ್ಲದು. ಎರಡನೇ ಮಹಾಯುದ್ಧದ ನಂತರ ಹೆಚ್ಚಿನ ದಾರಿಗಳು ಮುಚ್ಚಿದವು. ಕೆನಡಾದ ವ್ಯಾಂಕೂವರ್ ದ್ವೀಪದ ಎಂಗಲ್‌ವುಡ್ ರೈಲು ಮಾತ್ರ 2017ರವರೆಗೂ ದಿಮ್ಮಿ ಹೊತ್ತಿತು. ಪಶ್ಚಿಮ ವರ್ಜೀನಿಯಾದ ಕ್ಯಾಸ್‌ನಲ್ಲಿ 1960ರಲ್ಲಿ ನಿಂತ ದಾರಿಯನ್ನು ರಾಜ್ಯ ಸರ್ಕಾರ ಕೊಂಡು 1963ರಿಂದ ಪ್ರವಾಸಿಗರಿಗೆ ತೆರೆಯಿತು. ನೂರಡಿಗೆ ಹನ್ನೊಂದು ಅಡಿಯವರೆಗೆ ಏರುವ ಆ ಹಳಿಯ ಮೇಲೆ ಶೇ ಇಂಜಿನ್‌ಗಳು ದಿಮ್ಮಿಯ ಬದಲು ಜನರನ್ನು ಎಳೆಯುತ್ತಿವೆ. 1945ರಲ್ಲಿ ತಯಾರಾದ ಕೊನೆಯ ಶೇ ಇಂಜಿನ್ ಕೂಡ ಅಲ್ಲಿಯೇ ಇದೆ.