ಹೋಗಿದ್ದು ಅಂಚು, ಸ್ಪೀಕರ್ ಅಲ್ಲ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂಥ ಊರುಗಳಲ್ಲಿ ಹಾಡು ಕೇಳಲು ಒಳ್ಳೆಯ ಸ್ಪೀಕರ್ ಬೇಕೆಂದವರು ದಾವಣಗೆರೆಗೋ ಶಿವಮೊಗ್ಗಕ್ಕೋ ಬಸ್ಸು ಹತ್ತಿ, ಡಬ್ಬದ ಮೇಲೆ ಎಲ್ಲಕ್ಕಿಂತ ದೊಡ್ಡ ವಾಟ್ ಸಂಖ್ಯೆ ಅಚ್ಚಾಗಿರುವುದನ್ನು ಹೊತ್ತು ತರುವುದು ರೂಢಿ. ಅದೇ ಹೊತ್ತಿಗೆ ಊರಿನ ರೇಡಿಯೊ ರಿಪೇರಿ ಅಂಗಡಿಯ ಮೂಲೆಯಲ್ಲೋ, ಗುಜರಿ ರಾಶಿಯಲ್ಲೋ, ಮನೆಯದೇ ಅಟ್ಟದ ಮೇಲೋ ಕ್ಯಾಸೆಟ್ ಕಾಲದ ಮರದ ಪೆಟ್ಟಿಗೆಯ ಜೋಡಿಯೊಂದು ಬಿದ್ದಿರಬಹುದು. ಅದು ಫಿಲಿಪ್ಸ್ ಇರಬಹುದು, ಕಾಸ್ಮಿಕ್ ಇರಬಹುದು, ಕೋಲ್ಕತ್ತದ ಸೋನೋಡೈನ್ ಇರಬಹುದು. ಮುಂದಿನ ಬಟ್ಟೆಯ ಜಾಲರಿ ಕಿತ್ತು ನೋಡಿದವರು ಕೋನಿನ ಸುತ್ತಲಿನ ಫೋಮ್ ಚಿಂದಿಯಾದುದನ್ನು ಕಂಡು ‘ಸ್ಪೀಕರ್ ಹೋಗಿದೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ನನ್ನ ವಾದವೆಲ್ಲ ಈ ತೀರ್ಪಿನ ವಿರುದ್ಧ. ಹೋಗಿರುವುದು ಇಡೀ ಸ್ಪೀಕರಿನಲ್ಲಿ ಅತ್ಯಂತ ಅಗ್ಗದ ಭಾಗ. ದುಬಾರಿಯಾದ ಅಯಸ್ಕಾಂತ, ಚೌಕಟ್ಟು, ಪೆಟ್ಟಿಗೆ ಹಾಗೇ ಇವೆ. ಧ್ವನಿಗೆ ಸಂಬಂಧವೇ ಇಲ್ಲದ ಕಾರಣಗಳಿಗೆ, ಅಂದರೆ ಗಾತ್ರ ಹೆಚ್ಚು, ನೋಟ ಹಳತು ಎಂಬುದಕ್ಕೆ, ಇಲ್ಲವೇ ಬದಲಿಸಬಹುದಾದ ಅಂಚು ಹರಿದಿದೆ ಎಂಬುದಕ್ಕೆ ಬೆಲೆ ಬಿದ್ದಿರುವ ವಸ್ತುವೇ ಕೈಯಲ್ಲಿ ಕಾಸು ಕಡಿಮೆ ಇರುವವನಿಗೆ ಸರಿಯಾದ ವಸ್ತು.

ಈ ಅಂಚು ಯಾಕೆ ಚಿಂದಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಸೊಗಸಾದ ಕಥೆ. ಕೋನು ಹಿಂದೆ ಮುಂದೆ ಆಡುವಾಗ ಅದನ್ನು ಚೌಕಟ್ಟಿಗೆ ಸಡಿಲವಾಗಿ ಹಿಡಿದಿಡಲು ಅನೇಕ ತಯಾರಕರು ಪಾಲಿಯುರಿಥೇನ್ ಫೋಮ್ ಬಳಸಿದರು. ಹಗುರ, ಮೃದು, ಅಗ್ಗ. ಅದರಲ್ಲಿ ಒಂದು ಬಗೆಯ ಫೋಮಿನ ಅಣುಸರಪಳಿಯಲ್ಲಿ ಎಸ್ಟರ್ ಬಂಧಗಳಿರುತ್ತವೆ. ಆಮ್ಲವೂ ಆಲ್ಕೊಹಾಲೂ ಕೂಡಿ ನೀರನ್ನು ಹೊರಹಾಕಿದಾಗ ಹುಟ್ಟುವ ಬಂಧವಿದು. ಹೊರಹೋದ ನೀರು ಗಾಳಿಯ ತೇವವಾಗಿ ಮರಳಿ ಬಂದರೆ ಬಂಧ ಮತ್ತೆ ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡಾಗ ಆಮ್ಲ ಉಳಿಯುತ್ತದೆ, ಆ ಆಮ್ಲ ಪಕ್ಕದ ಬಂಧ ಬಿಚ್ಚುವುದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಹೀಗಾಗಿ ಹತ್ತು ಹದಿನೈದು ವರ್ಷ ಏನೂ ಆಗದಂತಿದ್ದ ಅಂಚು ಆಮೇಲೆ ಬೇಗ ಬೇಗ ಅಂಟಂಟಾಗಿ, ಬೆರಳು ತಾಗಿದರೆ ಪುಡಿಯಾಗುತ್ತದೆ. ಮದುವೆಗೆಂದು ಕೊಂಡು ಎತ್ತಿಟ್ಟ ಬೂಟಿನ ಸೋಲ್, ವರ್ಷಗಳ ನಂತರ ಹಾಕಿಕೊಂಡ ದಿನವೇ ಉದುರುವುದು ಇದೇ ಕ್ರಿಯೆಯಿಂದ. ಆದ್ದರಿಂದ ‘ಜೋರಾಗಿ ಹಾಕಿ ಹಾಕಿ ಹರಿದುಹೋಯಿತು’ ಎಂದು ಮನೆಯ ಹುಡುಗರನ್ನು ಬೈಯುವುದು ಅನ್ಯಾಯ. ಹಾಡಿಸದೆ ಮುಚ್ಚಿಟ್ಟಿದ್ದರೂ ಅದು ಸಾಯುತ್ತಿತ್ತು. ತುಂಗಭದ್ರೆಯ ದಂಡೆಯ ಹೊನ್ನಾಳಿಯಲ್ಲಿ, ಭದ್ರಾ ನಾಲೆಯ ನೀರು ಹರಿಯುವ ಚನ್ನಗಿರಿಯ ಅಡಿಕೆ ತೋಟಗಳ ನಡುವಿನ ಮನೆಯಲ್ಲಿ ತೇವ ಹೆಚ್ಚು. ಫೋಮ್ ಅಂಚು ಅಲ್ಲಿ ಬೇಗ ಹೋಗುವ ಸಂಭವವೂ ಹೆಚ್ಚು. ಒಣಹವೆಯ ಜಗಳೂರಿನಲ್ಲಿ ತೇವದ ಕಾಟ ಕಡಿಮೆ, ಆದರೆ ತಗಡಿನ ಮಾಡಿನ ಕೆಳಗಿನ ಬಿಸಿ ಆ ಲಾಭವನ್ನು ಕಿತ್ತುಕೊಳ್ಳಬಹುದು. ರಬ್ಬರ್ ಅಂಚು, ಬಟ್ಟೆಯ ಅಂಚು, ಹಳೆಯ ರೇಡಿಯೊಗಳಲ್ಲಿರುವ ನೆರಿಗೆ ಕಾಗದದ ಅಂಚು ಇವಕ್ಕೆ ಈ ರೋಗವಿಲ್ಲ.

ಇಷ್ಟು ಕಷ್ಟಪಟ್ಟು ಹಳೆಯದನ್ನು ಯಾಕೆ ಉಳಿಸಬೇಕು, ಅಂಗೈಯಗಲದ ಬ್ಲೂಟೂತ್ ಸ್ಪೀಕರ್ ಸಾಲದೇ ಎಂಬುದು ಮೊದಲ ಆಕ್ಷೇಪ. ಅನುಕೂಲದ ಮಟ್ಟಿಗೆ ಅದು ಸರಿ. ಆದರೆ ಮೃದಂಗದ ಎಡದ ಗುಂಕಾರ ಅಂಗೈಯಲ್ಲಿ ಹುಟ್ಟುವುದಿಲ್ಲ. ಕಂಪನಾಂಕ ಅರ್ಧಕ್ಕೆ ಇಳಿದರೆ ಅಷ್ಟೇ ಧ್ವನಿಮಟ್ಟಕ್ಕೆ ಕೋನು ನಾಲ್ಕು ಪಟ್ಟು ದೂರ ಆಡಬೇಕು. 8 ಇಂಚಿನ ಕೋನಿನ ವಿಸ್ತೀರ್ಣ 2 ಇಂಚಿನದರ 16 ಪಟ್ಟು. ಅಂದರೆ ಅಷ್ಟೇ ಗಾಳಿಯನ್ನು ತಳ್ಳಲು ಪುಟ್ಟ ಕೋನು 16 ಪಟ್ಟು ದೂರ ಓಡಾಡಬೇಕು. ಅದಕ್ಕೆ ಆಗುವುದಿಲ್ಲ. ಎರಡನೆಯ ಆಕ್ಷೇಪ ವಾಟ್‌ನದು: ಹಳೆಯದರ ಬೆನ್ನಿಗೆ 20 ವಾಟ್ ಎಂದಿದೆ, ಹೊಸದರ ಡಬ್ಬಕ್ಕೆ ಸಾವಿರಗಟ್ಟಲೆ ವಾಟ್ ಪಿ.ಎಂ.ಪಿ.ಓ. ಎಂದಿದೆ! ಪಿ.ಎಂ.ಪಿ.ಓ. ಎಂಬುದು ಯಾವ ಅಳತೆಯ ನಿಯಮಕ್ಕೂ ಬದ್ಧವಲ್ಲದ ಸಂಖ್ಯೆ, ವ್ಯಾಪಾರಿಯ ಜಾತಕಫಲ. ಪ್ಲಗ್ಗಿನಿಂದ 30 ವಾಟ್ ಎಳೆಯುವ ಯಂತ್ರ ಸಾವಿರ ವಾಟ್ ಸತತವಾಗಿ ಕೊಡುವುದಾದರೆ ಶರಾವತಿಗೆ ಅಣೆಕಟ್ಟು ಕಟ್ಟುವ ಅಗತ್ಯವೇ ಇರುತ್ತಿರಲಿಲ್ಲ. ನಿಜವಾಗಿ ನೋಡಬೇಕಾದ್ದು ಸೆನ್ಸಿಟಿವಿಟಿ, ಅಂದರೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಎಂಬುದು. 90 ಡೆಸಿಬೆಲ್‌ನ ಸ್ಪೀಕರ್ 10 ವಾಟ್‌ನಲ್ಲಿ ಮಾಡುವ ಸದ್ದಿಗೆ 84 ಡೆಸಿಬೆಲ್‌ನದಕ್ಕೆ 40 ವಾಟ್ ಬೇಕು. ಆಂಪ್ಲಿಫೈಯರ್‌ಗಳೇ ದುರ್ಬಲವಾಗಿದ್ದ ಕಾಲದ ಎಷ್ಟೋ ಸ್ಪೀಕರುಗಳು ಈ ಲೆಕ್ಕದಲ್ಲಿ ಧಾರಾಳಿಗಳು.

ಪೆಟ್ಟಿಗೆಯ ಬೆಲೆ ಗೊತ್ತಾಗುವುದು ಅದಿಲ್ಲದಾಗ. ಕೋನಿನ ಮುಂಭಾಗ ಗಾಳಿಯನ್ನು ಒತ್ತುವಾಗ ಹಿಂಭಾಗ ಸೆಳೆಯುತ್ತಿರುತ್ತದೆ. ತಡೆಯಿಲ್ಲದಿದ್ದರೆ ಎರಡೂ ಸೇರಿ ಕೆಳಸ್ವರಗಳು ಅಳಿದುಹೋಗುತ್ತವೆ. ಸಲೂನು, ಗ್ಯಾರೇಜು, ಚಹಾ ಅಂಗಡಿಗಳಲ್ಲಿ ಹಳೆಯ ಕಾರಿನ ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸುವ ನಮ್ಮವರು ಈ ತತ್ವವನ್ನು ಯಾರಿಂದಲೂ ಪಾಠ ಹೇಳಿಸಿಕೊಳ್ಳದೆ ಕಂಡುಕೊಂಡಿದ್ದಾರೆ. ಇನ್ನೂ ಖುಷಿಯ ಸಂಗತಿ ಎಂದರೆ, ಅಮೆರಿಕದ ಆರ್.ಸಿ.ಎ. ಸಂಸ್ಥೆಯ ಹ್ಯಾರಿ ಓಲ್ಸನ್ ಗೋಳ, ಘನ, ಸಿಲಿಂಡರ್, ಪಿರಮಿಡ್ ಮುಂತಾದ ಆಕಾರದ ಗೂಡುಗಳಲ್ಲಿ ಒಂದೇ ಸ್ಪೀಕರನ್ನು ಅಳೆದು 1951ರಲ್ಲಿ ಪ್ರಕಟಿಸಿದಾಗ ಅತ್ಯಂತ ನಯವಾದ ಫಲಿತಾಂಶ ಬಂದದ್ದು ಗೋಳಕ್ಕೆ. ಚೂಪು ಮೂಲೆಗಳಿಲ್ಲದ್ದರಿಂದ ಅಲೆ ಅಲ್ಲಿ ತಡವಿ ಚದುರುವುದಿಲ್ಲ. ಹಾಗೆಂದು ಮಡಕೆಯೇ ಪರಮ ಅಲ್ಲ. ಒಳಗೆ ಹತ್ತಿ ತುರುಕದಿದ್ದರೆ ಸದ್ದು ಒಳಗೇ ಸುತ್ತಿ ಗೊಗ್ಗರಾಗುತ್ತದೆ. ಮರದ ಪೆಟ್ಟಿಗೆ ಸಿಕ್ಕರೆ ಮರದ ಪೆಟ್ಟಿಗೆಯೇ ಸರಿ, ಬುಡದ ಹಲಗೆ ನೀರು ಕುಡಿದು ಉಬ್ಬಿಲ್ಲ ತಾನೇ ಎಂದು ನೋಡಿಕೊಂಡರಾಯಿತು.

‘ಇಷ್ಟು ಹಳೆಯ ಮ್ಯಾಗ್ನೆಟ್‌ನಲ್ಲಿ ಶಕ್ತಿ ಎಲ್ಲಿ ಉಳಿದಿರುತ್ತದೆ’ ಎಂಬ ಮಾತು ಆಗಾಗ ಕೇಳಿಬರುತ್ತದೆ. ಕಪ್ಪು ಫೆರೈಟ್ ಅಯಸ್ಕಾಂತ ತನ್ನ ಗುಣ ಪೂರ್ತಿ ಕಳೆದುಕೊಳ್ಳಲು ಸುಮಾರು 450 ಡಿಗ್ರಿ ಬಿಸಿಯಾಗಬೇಕು. ಜಗಳೂರಿನ ಬೇಸಿಗೆ ಅಲ್ಲಿಯವರೆಗೆ ಹೋಗಿಲ್ಲ. ನಿಜವಾಗಿ ಅಂಜಬೇಕಾದ್ದು ಕೋನನ್ನು ಆಡಿಸುವ ತಂತಿಸುರುಳಿ, ಅಂದರೆ ಕಾಯಿಲ್ ಬಗ್ಗೆ. ಮಲ್ಟಿಮೀಟರ್ ಹಿಡಿದರೆ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ಮೀಟರ್ ಇಲ್ಲದಿದ್ದರೆ 1.5 ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಾಗಿಸಿ, ಕೋನು ಟಪ್ಪೆಂದು ಹಾರಿದರೆ ಜೀವವಿದೆ. ಎರಡೂ ಬದಿಗೆ ಬೆರಳಿಟ್ಟು ಕೋನನ್ನು ಮೆಲ್ಲಗೆ ಒತ್ತಿದಾಗ ಗರಗರ ಉಜ್ಜಿದರೆ ಕಾಯಿಲ್ ಓರೆಯಾಗಿದೆ ಅಥವಾ ದೂಳು ಹೊಕ್ಕಿದೆ; ಅಂಥದ್ದನ್ನು ಬಿಡಿ. ಪೆಟ್ಟಿಗೆಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಒಣಗುತ್ತವೆ, ಮೇಲುಸ್ವರ ನುಡಿಸುವ ಟ್ವೀಟರ್ ಮಂಕಾಗುತ್ತದೆ. ಅಷ್ಟೇ ಮೈಕ್ರೊಫ್ಯಾರಡ್‌ನ ಫಿಲ್ಮ್ ಕೆಪಾಸಿಟರ್ ಹಾಕಿದರೆ ಆ ಚಿಂತೆ ತೀರಿತು.

ಅಂಚು ಬದಲಿಸಿದರೆ ಮೂಲ ಧ್ವನಿ ಉಳಿಯುವುದೇ ಎಂಬ ಆಕ್ಷೇಪದಲ್ಲಿ ಮಾತ್ರ ನಿಜವಾದ ತೂಕವಿದೆ. ಆಸ್ಟ್ರೇಲಿಯಾದ ನೆವಿಲ್ ತೀಲ್ 1961ರಲ್ಲಿ, ಆಮೇಲೆ ರಿಚರ್ಡ್ ಸ್ಮಾಲ್ ರೂಪಿಸಿದ ಲೆಕ್ಕಾಚಾರದ ಪ್ರಕಾರ ಕೋನಿನ ತೂಕ, ಅಂಚಿನ ಬಿಗುವು, ಪೆಟ್ಟಿಗೆಯ ಗಾತ್ರ ಮೂರೂ ಒಂದಕ್ಕೊಂದು ಹೊಂದಿರಬೇಕು. ಫೋಮ್ ಇದ್ದಲ್ಲಿ ಬಿಗಿಯಾದ ರಬ್ಬರ್ ಹಾಕಿದರೆ ಬಾಸ್‌ನ ಕೆಳಮಿತಿ ಮೇಲಕ್ಕೆ ಸರಿಯುತ್ತದೆ. ಆದ್ದರಿಂದ ಫೋಮಿಗೆ ಫೋಮೇ ಹಾಕಿಸಿ, ಜೋಡಿಯ ಎರಡಕ್ಕೂ ಒಟ್ಟಿಗೆ ಹಾಕಿಸಿ. ಅಳತೆಗೆ ತಕ್ಕ ಅಂಚು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು, ಅಂಟಿಸುವ ಕೈಚಳಕ ಮೈಕ್ ಸೆಟ್‌ನವರ ಕಾಯಿಲ್ ಕಟ್ಟುವ ರಿಪೇರಿಯವರಲ್ಲಿ ಇರುತ್ತದೆ. ಗಟ್ಟಿಯಾಗಿ ಒಣಗುವ ಕ್ಷಣದಂಟು ಮಾತ್ರ ಬೇಡ, ಅಂಚು ಆಡಲು ಬಿಡುವ ಮೆತ್ತನೆಯ ಗೋಂದು ಇರಲಿ. ಮೈಕ್ ಸೆಟ್‌ನವರಲ್ಲಿ ಅಗ್ಗಕ್ಕೆ ಸಿಗುವ ಕಾಲಮ್ ಸ್ಪೀಕರಿಗೆ ಮರುಳಾಗಬೇಡಿ. ಅವುಗಳಲ್ಲಿ ಹೆಚ್ಚಿನವಕ್ಕೆ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಮನೆಯ ಆಂಪ್ಲಿಫೈಯರ್‌ಗೆ ಹೊಂದುವುದಿಲ್ಲ. ಅವು ಭಾಷಣಕ್ಕೆ ಹುಟ್ಟಿದವು, ಸಂಗೀತಕ್ಕಲ್ಲ.

ರಿಪೇರಿ ಮುಗಿದ ಮೇಲಿನ ಸುಧಾರಣೆಗೆ ದುಡ್ಡೇ ಬೇಡ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಎರಡು ಸ್ಪೀಕರ್ ಮತ್ತು ಕೇಳುವವನ ನಡುವೆ ಸಮಬಾಹು ತ್ರಿಕೋನವಿರಲಿ. ಗೋಡೆಗೆ ಹತ್ತಿರ ಸರಿಸಿದರೆ ಬಾಸ್ ಏರುತ್ತದೆ, ದೂರ ಸರಿಸಿದರೆ ಇಳಿಯುತ್ತದೆ. ಕೊಠಡಿಗೆ ಒಪ್ಪುವ ಜಾಗ ಹುಡುಕಿ ನಿಲ್ಲಿಸಿ. ಟೈಲ್ಸ್ ನೆಲದ ಗಲಗಲ ತಗ್ಗಲು ಗೋಡೆಗೆ ಕಂಬಳಿ ನೇತುಹಾಕಬಹುದು, ಆದರೆ ಅದು ನುಂಗುವುದು ಮೇಲುಸ್ವರಗಳನ್ನು ಮಾತ್ರ. ಉಳಿದ ಹಣವನ್ನು ಚಿನ್ನದ ಲೇಪದ, ಆಮ್ಲಜನಕ ತೆಗೆದ ಕೇಬಲ್ ಎಂಬ ಮೂಢನಂಬಿಕೆಗೆ ಸುರಿಯಬೇಡಿ. ಕರೆಂಟ್ ಸಾಮಾನಿನ ಅಂಗಡಿಯ 1.5 ಚದರ ಮಿಲಿಮೀಟರ್ ತಾಮ್ರದ ತಂತಿಯನ್ನು ಮೂರು ಮೀಟರ್ ದೂರಕ್ಕೆ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಅದರ ತಡೆ ಸುಮಾರು 0.07 ಓಮ್. 8 ಓಮ್ ಸ್ಪೀಕರಿನೆದುರು ಅದರಿಂದಾಗುವ ನಷ್ಟ ಒಂದು ಡೆಸಿಬೆಲ್‌ನ ಹತ್ತನೇ ಒಂದು ಪಾಲಿಗಿಂತ ಕಡಿಮೆ.