ಐವತ್ತರ ನಂತರ ನಲವತ್ತೆರಡು ಕಿಲೋಮೀಟರ್

ತೋಟದ ಮಣ್ಣನ್ನು ಎರಡು ವರ್ಷಕ್ಕೊಮ್ಮೆ ತಪ್ಪದೆ ಪರೀಕ್ಷೆಗೆ ಕಳುಹಿಸುವ ಸದಸ್ಯರು ನಮ್ಮ ಸಂಘದಲ್ಲಿ ಅನೇಕರಿದ್ದಾರೆ. ರಸಸಾರ ಎಷ್ಟು, ಸುಣ್ಣ ಎಷ್ಟು ಬೇಕು, ಪೊಟ್ಯಾಷ್ ಎಲ್ಲಿ ಕಡಿಮೆಯಾಗಿದೆ ಎಂಬುದನ್ನು ಅವರು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ತಮ್ಮ ರಕ್ತದೊತ್ತಡ ಎಷ್ಟು, ರಕ್ತದಲ್ಲಿ ಸಕ್ಕರೆ ಎಷ್ಟು ಎಂದು ಕೇಳಿದರೆ ಅವರಲ್ಲಿ ಬಹುಮಂದಿ ನಕ್ಕು ಸುಮ್ಮನಾಗುತ್ತಾರೆ. ತೋಟಕ್ಕೆ ಇರುವ ಲೆಕ್ಕಪುಸ್ತಕ ಯಜಮಾನನ ದೇಹಕ್ಕೆ ಇಲ್ಲ. ಈ ಸಂಚಿಕೆಯಲ್ಲಿ ಆ ಎರಡನೆಯ ಲೆಕ್ಕದ ಬಗ್ಗೆ ನಾಲ್ಕು ಮಾತು ಬರೆಯುವ ಸ್ವಾತಂತ್ರ್ಯವನ್ನು ತೆಗೆದುಕೊಂಡಿದ್ದೇವೆ.

ಇದಕ್ಕೆ ಕಾರಣವೂ ಉಂಟು. ಐವತ್ತು ದಾಟಿದ ಮೇಲೆ ಒಂದು ಸಾಮಾನ್ಯ ತಪಾಸಣೆಯಲ್ಲಿ ನಮ್ಮ ಮೂರು ತಿಂಗಳ ಸಕ್ಕರೆಯ ಸರಾಸರಿ 6.2 ಎಂದು ಬಂದಿತು. 5.7ರಿಂದ 6.4ರವರೆಗಿನದು ಮಧುಮೇಹದ ಹೊಸ್ತಿಲು ಎಂದು ವೈದ್ಯರು ವಿವರಿಸಿದರು. ಕಾಲೇಜಿನ ದಿನಗಳಲ್ಲಿ ನಾವು ಐದು ಸಾವಿರ ಮೀಟರ್ ಓಟದಲ್ಲಿ ಭಾಗವಹಿಸುತ್ತಿದ್ದವರು. ಆನಂತರ ತೋಟ, ಸಂಘ, ಸಂಸಾರ ಇವುಗಳ ನಡುವೆ ಓಟದ ಮಾತೇ ಬರಲಿಲ್ಲ. ವೈದ್ಯರು ನಡೆಯಿರಿ ಎಂದರು. ನಾವು ನಡೆಯಲು ಆರಂಭಿಸಿ, ಓಡಲು ತೊಡಗಿ, ಹತ್ತು ತಿಂಗಳ ನಂತರ ಬೆಂಗಳೂರಿನಲ್ಲಿ ಒಂದು ಪೂರ್ಣ ಮ್ಯಾರಥಾನನ್ನು 5 ಗಂಟೆ 48 ನಿಮಿಷಗಳಲ್ಲಿ ಮುಗಿಸಿದೆವು. ವೇಗದ ದೃಷ್ಟಿಯಿಂದ ಇದು ಹೇಳಿಕೊಳ್ಳುವಂಥದ್ದಲ್ಲ. ಆದರೆ ಆ ಹತ್ತು ತಿಂಗಳಲ್ಲಿ ಕಲಿತದ್ದು ಸದಸ್ಯ ಮಿತ್ರರಿಗೆ ಉಪಯೋಗಕ್ಕೆ ಬಂದೀತೆಂಬ ನಂಬಿಕೆ ನಮ್ಮದು.

ತೋಟ ಸುತ್ತುವುದು ವ್ಯಾಯಾಮವಲ್ಲವೇ?

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದು. ನಮ್ಮ ಹಿರಿಯರು ತೋಟ ಸುತ್ತುತ್ತಿದ್ದ ರೀತಿ ಬೇರೆ, ನಾವು ಸುತ್ತುವ ರೀತಿ ಬೇರೆ. ಅವರು ಹೊರೆ ಹೊತ್ತು ಗುಡ್ಡ ಏರುತ್ತಿದ್ದರು. ಪೇಟೆಗೂ ನಡೆದೇ ಹೋಗುತ್ತಿದ್ದರು. ನಾವು ತೋಟದ ಒಳರಸ್ತೆಯವರೆಗೆ ಜೀಪಿನಲ್ಲಿ ಹೋಗಿ, ಇಳಿದು, ನಾಲ್ಕು ಹೆಜ್ಜೆ ಇಟ್ಟು, ಆಳುಗಳೊಡನೆ ಮಾತನಾಡಿ ಹಿಂತಿರುಗುತ್ತೇವೆ. ನಿಂತು ನಿಂತು ನಡೆಯುವ ಈ ನಡಿಗೆಯಿಂದ ಎದೆಬಡಿತ ಏರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ವ್ಯಾಯಾಮ, ಅಥವಾ 75ರಿಂದ 150 ನಿಮಿಷಗಳ ಕಠಿಣ ವ್ಯಾಯಾಮ ಅಗತ್ಯ. ಇದರ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕೆಲಸ ಆಗಬೇಕು. ಮಧ್ಯಮ ಶ್ರಮವನ್ನು ಅಳೆಯಲು ಯಂತ್ರ ಬೇಕಿಲ್ಲ. ಮಾತನಾಡಲು ಸಾಧ್ಯವಾಗಬೇಕು, ಹಾಡಲು ಸಾಧ್ಯವಾಗಬಾರದು. ಈ ಅಳತೆಗೋಲನ್ನು ನಾಳೆ ಬೆಳಿಗ್ಗೆ ನಿಮ್ಮ ತೋಟದ ಏರಿನಲ್ಲೇ ಪರೀಕ್ಷಿಸಿ ನೋಡಬಹುದು.

ಮ್ಯಾರಥಾನೇ ಏಕೆ?

ಆರೋಗ್ಯಕ್ಕೆ ಮ್ಯಾರಥಾನ್ ಅಗತ್ಯವಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಸಾಕು. ಆದರೆ ದಿನಾಂಕ ನಿಗದಿಯಾಗದ ಕೆಲಸವನ್ನು ನಾವು ಬೆಳೆಗಾರರು ಮುಂದೂಡುತ್ತಲೇ ಹೋಗುತ್ತೇವೆ. ಮಳೆಗಾಲ ಹಿಡಿಯುವ ಮೊದಲು ಬೋರ್ಡೋ ಸಿಂಪಡಿಸಲೇಬೇಕು, ನಲವತ್ತು ನಲವತ್ತೈದು ದಿನಗಳ ಮೇಲೆ ಇನ್ನೊಮ್ಮೆ ಸಿಂಪಡಿಸಲೇಬೇಕು ಎಂಬ ಕಟ್ಟು ಇರುವುದರಿಂದಲೇ ಕೊಳೆರೋಗ ಹತೋಟಿಯಲ್ಲಿದೆ. ಮೊದಲೇ ಹೆಸರು ನೋಂದಾಯಿಸಿದ ಓಟ ನಮ್ಮ ದೇಹಕ್ಕೆ ಅಂಥದೇ ಒಂದು ಕಟ್ಟು.

ಮ್ಯಾರಥಾನಿನ ದೂರ 42.195 ಕಿಲೋಮೀಟರ್. 1896ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕ್ ಹಳ್ಳಿಗ ಈ ಓಟವನ್ನು ಗೆದ್ದಾಗ ದೂರ ಇಷ್ಟು ನಿಖರವಾಗಿರಲಿಲ್ಲ. 1908ರ ಲಂಡನ್ ಒಲಿಂಪಿಕ್ಸಿನಲ್ಲಿ ಓಡಿದ ದೂರವೇ 1921ರಲ್ಲಿ ಅಧಿಕೃತವಾಯಿತು. ನಮ್ಮ ದೇಶದ ಶಿವನಾಥ ಸಿಂಗ್ 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಓಡಿ ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಮಿಕ್ಕಿ ಉಳಿಯಿತು. ಒಲಿಂಪಿಕ್ಸಿನಲ್ಲಿ ಮಹಿಳೆಯರ ಮ್ಯಾರಥಾನ್ ಆರಂಭವಾದದ್ದು 1984ರಲ್ಲಿ ಮಾತ್ರ. ಪಂಜಾಬಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ್ದ ಫೌಜಾ ಸಿಂಗ್ ತಮ್ಮ ಮೊದಲ ಮ್ಯಾರಥಾನನ್ನು 2000ದಲ್ಲಿ ಲಂಡನ್ನಿನಲ್ಲಿ ಓಡಿದಾಗ ಅವರಿಗೆ ಎಂಬತ್ತರ ಮೇಲೆ ವಯಸ್ಸಾಗಿತ್ತು. ನಮ್ಮ ಐವತ್ತು ಅರುವತ್ತು ಇನ್ನು ಯಾವ ಲೆಕ್ಕ?

ತಯಾರಿಯ ಕ್ರಮ

ಮುಂಬಯಿಯಲ್ಲಿ 2004ರಿಂದ ನಡೆದುಬಂದಿರುವ ಮ್ಯಾರಥಾನ್ ಜನವರಿ ತಿಂಗಳಿನದು. ಅದು ನಮಗೆ ಕಾಫಿ ಕುಯ್ಲಿನ ಮತ್ತು ಅಡಿಕೆ ಬೇಯಿಸುವ ಕಾಲ. ಆದ್ದರಿಂದ ನಾವು ಅಕ್ಟೋಬರಿನ ಓಟವೊಂದನ್ನು ಆರಿಸಿಕೊಂಡೆವು. ಕುಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ನಡಿಗೆ, ಹೂಮಳೆ ಬಿದ್ದ ಮೇಲೆ ನಡಿಗೆ ಮತ್ತು ಓಟದ ಮಿಶ್ರಣ, ಜೂನ್ ಮೊದಲ ವಾರದಿಂದ ಹದಿನೆಂಟು ವಾರಗಳ ನಿಜವಾದ ತಯಾರಿ. ಮಲೆನಾಡಿನ ಮಳೆ ಓಟಕ್ಕೆ ಅಡ್ಡಿ ಎಂದು ಅನೇಕರು ಹೇಳಿದರು. ಬಿಸಿಲಿಗಿಂತ ಮಳೆ ವಾಸಿ ಎಂಬುದು ನಮ್ಮ ಅನುಭವ.

ವಾರದ ಕ್ರಮ ಸರಳವಾದದ್ದು. ಮಂಗಳವಾರ ನಲವತ್ತು ನಿಮಿಷ, ಗುರುವಾರ ಒಂದು ಗಂಟೆ, ಶನಿವಾರ ಅರ್ಧ ಗಂಟೆ, ಭಾನುವಾರ ಉದ್ದ ಓಟ. ಬುಧವಾರ ಮತ್ತು ಶುಕ್ರವಾರ ಬಲವರ್ಧನೆ; ಸೋಮವಾರ ಪೂರ್ಣ ವಿರಾಮ. ಭಾನುವಾರದ ಓಟ 8 ಕಿಲೋಮೀಟರಿನಿಂದ ಆರಂಭವಾಗಿ ಕ್ರಮೇಣ 30ಕ್ಕೆ ಏರಿತು. ಒಂದು ವಾರದಿಂದ ಇನ್ನೊಂದು ವಾರಕ್ಕೆ ಒಟ್ಟು ದೂರವನ್ನು ಸುಮಾರು ನೂರಕ್ಕೆ ಹತ್ತರಷ್ಟಕ್ಕಿಂತ ಹೆಚ್ಚಿಸದಿರುವುದು ಓಟಗಾರರಲ್ಲಿ ರೂಢಿಯಲ್ಲಿರುವ ಲೆಕ್ಕ. ಪ್ರತಿ ನಾಲ್ಕನೆಯ ವಾರ ದೂರವನ್ನು ಇಳಿಸುತ್ತಿದ್ದೆವು. ಕೊನೆಯ ಉದ್ದ ಓಟ ಸ್ಪರ್ಧೆಗೆ ಮೂರು ವಾರ ಮೊದಲು. ಅಲ್ಲಿಂದ ಮುಂದೆ ದೂರ ಕಡಿಮೆ ಮಾಡುತ್ತ ಬರುವುದು. ಒಂದು ವರ್ಷ ಮಿತಿಮೀರಿ ಫಸಲು ಹೊತ್ತ ಕಾಫಿ ಗಿಡ ಮರುವರ್ಷ ಸೊರಗುವುದನ್ನು ಬಲ್ಲ ನಮಗೆ ವಿರಾಮದ ಬೆಲೆಯನ್ನು ಹೊಸದಾಗಿ ಹೇಳಬೇಕಿಲ್ಲ.

ಐದು ನಿಮಿಷ ಓಡಿ ಒಂದು ನಿಮಿಷ ನಡೆಯುವ ಕ್ರಮವನ್ನು ನಾವು ಕೊನೆಯವರೆಗೂ ಬಿಡಲಿಲ್ಲ. ಏರಿನಲ್ಲಿ ನಡಿಗೆ, ಇಳಿಜಾರಿನಲ್ಲಿ ಚಿಕ್ಕ ಹೆಜ್ಜೆ. ಮಂಡಿಗೆ ಪೆಟ್ಟು ಬೀಳುವುದು ಏರಿಗಿಂತ ಇಳಿಜಾರಿನಲ್ಲಿ ಹೆಚ್ಚು. ಬಲವರ್ಧನೆಗೆ ಉಪಕರಣಗಳನ್ನು ಕೊಳ್ಳಲಿಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಕೈಯೂರದೆ ಏಳುವುದು, ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಏರಿಸಿ ಇಳಿಸುವುದು, ಗೋಡೆಗೆ ಕೈಯೂರಿ ದಂಡ, ಇಷ್ಟೇ. ಅಡಿಕೆ ಸುಲಿಯಲು ಗಂಟೆಗಟ್ಟಲೆ ಕೆಳಗೆ ಕುಳಿತು ಏಳುತ್ತಿದ್ದ ನಮ್ಮ ತಾಯಂದಿರಿಗೆ ಇದರಲ್ಲಿ ಬಹುಪಾಲು ದಿನಚರಿಯಾಗಿತ್ತು.

ಆಹಾರ, ನೀರು, ಕಾಫಿ

ದೇಹವು ಸ್ನಾಯು ಮತ್ತು ಯಕೃತ್ತಿನಲ್ಲಿ ಶೇಖರಿಸಿಡುವ ಶರ್ಕರ ಸೀಮಿತವಾದದ್ದು. ಹೊರಗಿನಿಂದ ಏನೂ ತೆಗೆದುಕೊಳ್ಳದಿದ್ದರೆ ಸುಮಾರು 30 ಕಿಲೋಮೀಟರಿನ ಹೊತ್ತಿಗೆ ಅದು ಬರಿದಾಗಿ ಕಾಲು ಎತ್ತಲಾಗದ ಸ್ಥಿತಿ ಬರುತ್ತದೆ. ಆದ್ದರಿಂದ ದೀರ್ಘ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ ಅಂಶ ಹೊಟ್ಟೆಗೆ ಬೀಳಬೇಕು. ಪೇಟೆಯ ಓಟಗಾರರು ಇದಕ್ಕೆ ದುಬಾರಿ ಪೊಟ್ಟಣಗಳನ್ನು ಕೊಳ್ಳುತ್ತಾರೆ. ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವ ಮಲೆನಾಡಿನ ಪದ್ಧತಿಯಲ್ಲೇ ಉತ್ತರ ಇದೆ. ಬೆಲ್ಲ, ಬಾಳೆಹಣ್ಣು, ಚಿಟಿಕೆ ಉಪ್ಪು ಬೆರೆಸಿದ ಪುನರ್ಪುಳಿ ಪಾನಕ ಇವು ನಮ್ಮನ್ನು ಗುರಿ ಮುಟ್ಟಿಸಿದವು. ಬರಿಯ ನೀರನ್ನು ಮಿತಿಮೀರಿ ಕುಡಿಯುವುದೂ ಅಪಾಯವೇ. ರಕ್ತದಲ್ಲಿ ಸೋಡಿಯಂ ಇಳಿದು ತಲೆತಿರುಗು, ಗೊಂದಲ ಉಂಟಾಗಬಹುದು. ಬಾಯಾರಿಕೆಯಾದಂತೆ ಕುಡಿಯುವುದು ಸರಿಯಾದ ಕ್ರಮ.

ಕಾಫಿಯ ವಿಷಯದಲ್ಲಿ ನಮ್ಮ ಸದಸ್ಯರಿಗೆ ಸಂತೋಷದ ವರ್ತಮಾನವಿದೆ. ಕೆಫೀನ್ ದೀರ್ಘ ಓಟದಲ್ಲಿ ದಣಿವನ್ನು ಮುಂದೂಡುತ್ತದೆ ಎಂಬುದು ಪ್ರಯೋಗಗಳಿಂದ ದೃಢಪಟ್ಟಿದೆ. ಒಂದು ಮಿತಿಗಿಂತ ಹೆಚ್ಚಿನ ಕೆಫೀನ್ ಸೇವನೆ ಹಿಂದೆ ಕ್ರೀಡಾಪಟುಗಳಿಗೆ ನಿಷಿದ್ಧವಾಗಿತ್ತು. 2004ರ ಜನವರಿಯಿಂದ ಅದನ್ನು ನಿಷಿದ್ಧ ಪಟ್ಟಿಯಿಂದ ಕೈಬಿಡಲಾಗಿದೆ. ಓಟಕ್ಕೆ ಒಂದು ಗಂಟೆ ಮೊದಲು ಕುಡಿದರೆ ಪರಿಣಾಮ ಚೆನ್ನಾಗಿರುತ್ತದೆ. ಅರೇಬಿಕಾಕ್ಕಿಂತ ರೋಬಸ್ಟಾದಲ್ಲಿ ಕೆಫೀನ್ ಸುಮಾರು ಎರಡರಷ್ಟು. ಚಿಕೋರಿಯಲ್ಲಿ ಅದು ಇಲ್ಲವೇ ಇಲ್ಲ. ಆದರೆ ರಕ್ತದೊತ್ತಡ ಅಥವಾ ಎದೆಬಡಿತದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಇದನ್ನು ಪ್ರಯೋಗಿಸಬೇಕು.

ಅಡಿಕೆಯ ಬಗ್ಗೆ ಒಂದು ಮಾತು

ಅಡಿಕೆ ಬೆಳೆಗಾರರ ಪತ್ರಿಕೆಯಲ್ಲಿ ಈ ಮಾತು ಬರೆಯುವುದು ಸುಲಭವಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬೆಳೆಗಾರರ ಸಂಘಟನೆಗಳು ಇದನ್ನು ಒಪ್ಪಿಲ್ಲ. ಸಾಂಪ್ರದಾಯಿಕ ತಾಂಬೂಲವನ್ನೂ ಗುಟ್ಕಾವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಅಡಿಕೆಯ ಬಗ್ಗೆ ಪ್ರತ್ಯೇಕ ಸಂಶೋಧನೆ ನಡೆಯಬೇಕು ಎಂಬುದು ಅವರ ವಾದ. ಆ ಸಂಶೋಧನೆ ನಡೆಯಲೇಬೇಕು. ಸಹಸ್ರಾರು ಕುಟುಂಬಗಳ ಅನ್ನದ ಪ್ರಶ್ನೆ ಅದರಲ್ಲಿದೆ. ಆದರೆ ಮಾರುಕಟ್ಟೆಯ ಪ್ರಶ್ನೆ ಬೇರೆ, ನಮ್ಮ ಬಾಯಿಯ ಪ್ರಶ್ನೆ ಬೇರೆ. ಅಡಿಕೆ ಎದೆಬಡಿತವನ್ನು ಹೆಚ್ಚಿಸುತ್ತದೆ ಎಂಬ ಕಾರಣಕ್ಕೆ ತಯಾರಿಯ ಮೊದಲ ದಿನವೇ ನಾವು ಊಟದ ನಂತರದ ಕವಳವನ್ನು ಬಿಟ್ಟೆವು, ಮತ್ತೆ ಆರಂಭಿಸಿಲ್ಲ. ಎಲೆಯಡಿಕೆ ಹಾಕುವ ಸದಸ್ಯರಲ್ಲಿ ನಮ್ಮ ಪ್ರಾರ್ಥನೆ ಇಷ್ಟೇ. ಬಾಯಿ ಮೊದಲಿನಷ್ಟು ಅಗಲವಾಗಿ ತೆರೆಯದಿದ್ದರೆ, ಒಳಗೆ ಬಿಳಿ ಮಚ್ಚೆ ಕಂಡರೆ, ಹುಣ್ಣು ಎರಡು ವಾರಗಳಲ್ಲಿ ಮಾಯದಿದ್ದರೆ, ಬೆಲೆ ಏರಲೆಂದು ಕಾಯುವಂತೆ ಕಾಯಬೇಡಿ. ಕೂಡಲೇ ದಂತವೈದ್ಯರಿಗೆ ತೋರಿಸಿ.

ನಮ್ಮ ಸೀಮೆಯ ಎಚ್ಚರಿಕೆಗಳು

ನಲವತ್ತು ದಾಟಿದವರು ರಕ್ತದೊತ್ತಡ, ಸಕ್ಕರೆ, ಇ.ಸಿ.ಜಿ. ಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಒಪ್ಪಿದ ಮೇಲೆಯೇ ಓಟ ಆರಂಭಿಸುವುದು ಕ್ಷೇಮ. ಎದೆನೋವು, ಅಸಹಜ ಏದುಸಿರು, ತಲೆತಿರುಗು ಕಂಡರೆ ಅಲ್ಲಿಯೇ ನಿಲ್ಲಿಸಬೇಕು. ಜ್ವರವಿದ್ದಾಗ ಓಡಲೇಬಾರದು; ಹೃದಯದ ಸ್ನಾಯುವಿಗೆ ಉರಿಯೂತ ತಗಲುವ ಸಂಭವವಿದೆ. ಮಧುಮೇಹದ ಔಷಧಿ ಸೇವಿಸುವವರು ಜೇಬಿನಲ್ಲಿ ಸಕ್ಕರೆ ಇಟ್ಟುಕೊಂಡಿರಬೇಕು. ಆನೆ ಓಡಾಡುವ ಕಡೆ ಬೆಳಕು ಹರಿಯುವ ಮೊದಲು ರಸ್ತೆಗಿಳಿಯಬಾರದು, ಒಬ್ಬರೇ ಹೋಗಬಾರದು. ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಯ ಕಡಿತದಿಂದ ಹರಡುವಂಥದ್ದು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಆಗ ಕಾಡುದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಓಡುವುದು ಲೇಸು.

ಮಳೆಗಾಲದಲ್ಲಿ ಪಾದಗಳ ಆರೈಕೆ ಮುಖ್ಯ. ಒದ್ದೆ ಕಾಲುಚೀಲವನ್ನು ತಕ್ಷಣ ತೆಗೆದು ಬೆರಳ ಸಂದುಗಳನ್ನು ಒರೆಸಿ ಒಣಗಿಸಬೇಕು. ಶೂಗಳಿಗೆ ಹಳೆಯ ಪತ್ರಿಕೆ ತುರುಕಿ ಬಚ್ಚಲೊಲೆಯಿಂದ ತುಸು ದೂರದಲ್ಲಿಟ್ಟರೆ ಬೆಳಗಾಗುವಷ್ಟರಲ್ಲಿ ಒಣಗುತ್ತವೆ. ತೀರ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಈ ಪತ್ರಿಕೆಯ ಹಿಂದಿನ ಸಂಚಿಕೆಗಳು ಈ ಕೆಲಸಕ್ಕೆ ಚೆನ್ನಾಗಿ ಒದಗಿದವು ಎಂದು ಸಂಕೋಚವಿಲ್ಲದೆ ತಿಳಿಸುತ್ತೇವೆ. ವಾರಕ್ಕೊಮ್ಮೆ ಎಣ್ಣೆಸ್ನಾನ, ದಿನಕ್ಕೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಇವೂ ತಯಾರಿಯ ಭಾಗವೇ. ರಾತ್ರಿ ಮೊಬೈಲಿನಲ್ಲಿ ಮಾರುಕಟ್ಟೆ ದರ ನೋಡುತ್ತ ಮಲಗುವುದರಿಂದ ದರ ಏರುವುದಿಲ್ಲ, ನಿದ್ರೆ ಮಾತ್ರ ಇಳಿಯುತ್ತದೆ.

ಸಂಘ ಮಾಡಬಹುದಾದದ್ದು

ಹತ್ತು ತಿಂಗಳ ಕೊನೆಯಲ್ಲಿ ನಮ್ಮ ಸಕ್ಕರೆಯ ಸರಾಸರಿ 5.8ಕ್ಕೆ ಇಳಿದಿತ್ತು. ಹೊಸ್ತಿಲು ಪೂರ್ತಿ ದಾಟಿ ಹಿಂದೆ ಬಂದಿಲ್ಲ, ಓಟ ಮುಂದುವರಿದಿದೆ.

ನಮ್ಮಲ್ಲಿ ಅನೇಕರ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ದೊಡ್ಡ ಮನೆಯಲ್ಲಿ ಇಬ್ಬರೇ ಹಿರಿಯರು, ಆಳುಗಳ ಅಭಾವ, ಆಸ್ಪತ್ರೆಗೆ ಗಂಟೆಗಳ ಹಾದಿ. ಯಜಮಾನ ಅಥವಾ ಯಜಮಾನಿ ಹಾಸಿಗೆ ಹಿಡಿದರೆ ಆ ವರ್ಷದ ಫಸಲು ಗಿಡದಲ್ಲೇ ಉದುರುತ್ತದೆ. ಕೆಲವೊಮ್ಮೆ ತೋಟವೇ ಕೈಬದಲಾಗುತ್ತದೆ. ಸಹಕಾರಿಗಳ ಶಸ್ತ್ರಚಿಕಿತ್ಸೆಗೆಂದು 2003ರಲ್ಲಿ ಜಾರಿಗೆ ಬಂದು, ನಡುವೆ ನಿಂತು, 2022ರಲ್ಲಿ ಮರುಘೋಷಣೆಯಾದ ಯಶಸ್ವಿನಿ ಯೋಜನೆ ಸ್ವಾಗತಾರ್ಹವೇ. ಶಸ್ತ್ರಚಿಕಿತ್ಸೆಯ ಪ್ರಸಂಗವೇ ಬಾರದಂತೆ ನೋಡಿಕೊಳ್ಳುವುದು ಅದಕ್ಕಿಂತ ಅಗ್ಗ.

ಆದ್ದರಿಂದ ಮೂರು ಸಲಹೆಗಳನ್ನು ಆಡಳಿತ ಮಂಡಳಿಯ ಮುಂದಿಡುತ್ತಿದ್ದೇವೆ. ಮೊದಲನೆಯದು, ವಾರ್ಷಿಕ ಮಹಾಸಭೆಯ ದಿನ ಸದಸ್ಯರಿಗೂ ಅವರ ತೋಟದ ಕಾರ್ಮಿಕರಿಗೂ ರಕ್ತದೊತ್ತಡ, ಸಕ್ಕರೆ ಹಾಗೂ ಬಾಯಿಯ ತಪಾಸಣೆ ಏರ್ಪಡಿಸುವುದು. ದಿನವಿಡೀ ದುಡಿಯುವ ಕಾರ್ಮಿಕರಿಗೆ ಓಟ ಬೇಕಿಲ್ಲ, ತಪಾಸಣೆ ಬೇಕು. ಎರಡನೆಯದು, ಭಾನುವಾರ ಬೆಳಿಗ್ಗೆ ಸಂಘದ ಗೋದಾಮಿನಿಂದ ಹೊರಟು ಹಿಂತಿರುಗುವ ಐದು ಕಿಲೋಮೀಟರಿನ ನಡಿಗೆ. ಮಹಿಳಾ ಸದಸ್ಯರು ಮುಂದೆ ಬಂದರೆ ಉಳಿದವರು ತಾವಾಗಿಯೇ ಹಿಂಬಾಲಿಸುತ್ತಾರೆ. ಮೂರನೆಯದು, ಸದಸ್ಯರ ಪಾಸ್ ಪುಸ್ತಕದ ಗಾತ್ರದ ಒಂದು ಆರೋಗ್ಯ ಪುಸ್ತಿಕೆ. ಷೇರು ಎಷ್ಟು, ಸಾಲ ಎಷ್ಟು ಎಂಬುದರ ಜೊತೆಗೆ ಈ ಲೆಕ್ಕವೂ ನಮ್ಮಲ್ಲಿ ಬರಹದಲ್ಲಿರಲಿ.

ನಡಿಗೆಗೆ ಬರಲು ಒಪ್ಪುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರುತ್ತೇವೆ. ಶುಲ್ಕವಿಲ್ಲ. ಗಟ್ಟಿಯಾದ ಒಂದು ಜೊತೆ ಶೂ ಮತ್ತು ಒಂದು ಕೊಡೆ ತಂದರೆ ಸಾಕು.

— ಕಾರ್ಯದರ್ಶಿ