ಕಾಳಿದಾಸನಲ್ಲಿ ಚಿತ್ರಕಲೆ

ಕಾಳಿದಾಸನ ನಾಟಕಗಳಲ್ಲಿ ಚಿತ್ರಕಲೆಯು ಮನಸ್ಸಿನ ಒರೆಗಲ್ಲಾಗಿ ಬರುತ್ತದೆ. ‘ಮಾಲವಿಕಾಗ್ನಿಮಿತ್ರ’ದಲ್ಲಿ ಅಗ್ನಿಮಿತ್ರನು ಮಾಲವಿಕೆಯನ್ನು ಮೊದಲು ಕಾಣುವುದು ಚಿತ್ರದಲ್ಲಿ. ಎರಡನೆಯ ಅಂಕದಲ್ಲಿ ಆಕೆಯನ್ನೇ ಕಂಡಾಗ, ಚಿತ್ರವು ಆ ಚೆಲುವಿಗೆ ಸಾಲದೆಂದು ಅವನಿಗೆ ತೋರುತ್ತದೆ. ಆದರೆ ಅವನು ಕುಂಚವನ್ನಾಗಲಿ ಬಣ್ಣವನ್ನಾಗಲಿ ದೂರುವುದಿಲ್ಲ. ಬರೆದವನ ಸಮಾಧಿ ಸಡಿಲವಾಗಿತ್ತೆಂದು ಬಗೆಯುತ್ತಾನೆ. ಸಮಾಧಿಯೆಂದರೆ ಇಲ್ಲಿ ಚಿತ್ತದ ಏಕಾಗ್ರತೆ.

‘ಅಭಿಜ್ಞಾನಶಾಕುಂತಲ’ದ ಆರನೆಯ ಅಂಕದಲ್ಲಿ ದುಷ್ಯಂತನೇ ಚಿತ್ರಕಾರ. ಉಂಗುರ ದೊರೆತು ನೆನಪು ಮರಳಿದೆ. ತಾನು ತೊರೆದ ಶಕುಂತಲೆಯನ್ನು ಸಖಿಯರೊಡನೆ ಫಲಕದ ಮೇಲೆ ಬರೆದಿದ್ದಾನೆ. ಆದರೂ ತೃಪ್ತಿಯಿಲ್ಲ. ಮಾಲಿನೀನದಿಯ ಮರಳಿನಲ್ಲಿ ಹಂಸಗಳ ಜೋಡಿ, ಹಿಮಾಲಯದ ತಪ್ಪಲಿನಲ್ಲಿ ಮೃಗಗಳು, ನಾರುಡೆಗಳು ತೂಗುವ ಮರ, ಅದರಡಿಯಲ್ಲಿ ಕೃಷ್ಣಮೃಗದ ಕೊಂಬಿಗೆ ಎಡಗಣ್ಣನ್ನು ಉಜ್ಜಿಕೊಳ್ಳುವ ಹರಿಣಿ: ಇವನ್ನೆಲ್ಲ ಇನ್ನೂ ಬರೆಯಬೇಕಾಗಿದೆ. ಈ ಕಡೆಯ ಚಿತ್ರವು ಮನನಯೋಗ್ಯವಾದುದು. ಕೊಂಬು ಇರಿಯಬಲ್ಲುದು, ಕಣ್ಣು ಅತಿ ಕೋಮಲ. ಆದರೂ ಹರಿಣಿಗೆ ಅಂಜಿಕೆಯಿಲ್ಲ. ಅಂತಹ ನಂಬಿಕೆಯನ್ನೇ ದುಷ್ಯಂತನು ದುರ್ವಾಸರ ಶಾಪದ ಮರೆವಿನಲ್ಲಿ, ಆಶ್ರಮವಾಸಿಗಳ ಎದುರಿನಲ್ಲಿಯೇ ಮುರಿದಿದ್ದನು.

ಮುಂದೆ ಅವನು ಚಿತ್ರದೊಳಗಿನ ದುಂಬಿಯನ್ನು ನಿಜವೆಂದು ಬಗೆದು ಗದರುತ್ತಾನೆ. ಇದು ಚಿತ್ರವೆಂದು ವಿದೂಷಕನು ನೆನಪಿಸಿದೊಡನೆ ಆ ತನ್ಮಯತೆ ಒಡೆಯುತ್ತದೆ. ಉಕ್ಕುವ ಕಣ್ಣೀರು ಚಿತ್ರದರ್ಶನಕ್ಕೂ ಅಡ್ಡಿಯಾಗುತ್ತದೆ. ಎದುರಿಗೆ ನಿಂತವಳನ್ನು ಗುರುತಿಸದವನು ಬರೆದ ಫಲಕದಲ್ಲಿ ಅವಳನ್ನು ಜೀವಂತವಾಗಿ ಕಂಡನು. ಅಗ್ನಿಮಿತ್ರನ ಚಿತ್ರಕಾರನಲ್ಲಿ ಸಡಿಲವಾಗಿದ್ದ ಸಮಾಧಿಯು ದುಷ್ಯಂತನಿಗೆ ಪಶ್ಚಾತ್ತಾಪದಿಂದ ಲಭಿಸಿತು.